ಹೌದ್ರಿ

“ನಿನ್ನಿ ತ್ವಾಟದಾಗ ನೀನ ಇದ್ದೇನಲೇ, ಬೋಳಿಮಗನ?”

“ಹೌದ್ರಿ.”

“ಬಾವ್ಯಾಗಿನ ಮೋಟರ್ ಬಿಚ್ಚಿದಾಂವ ನೀನ?”

“ಹೌದ್ರಿ.”

ಠಾಣೆಯ ಫೌಜದಾರ ನಕ್ಕ. “ಬಡಿಯೂಕಿಂತ ಮೊದಲ ಒಪ್ಪಿದ ನೋಡ್ರಿ ಸಾವಕಾರ್ರ” ಎಂದ. ಆಮೇಲೆ ಬಡಿದ.

ಅಣ್ಣ ಯಲ್ಲಾಲಿಂಗನ ತಲೆಯ ಮೇಲಿನ ಚೀಲ ಬಿತ್ತು. ಲಿಂಬೆಕಾಯಿ ಉರುಳಿದವು. ತೋಟದ ಸಾವಕಾರ ಗುರಪ್ಪ ಕಾಯಿಗಳನ್ನೇ ನೋಡುತ್ತಿದ್ದ. “ಅವನ್ನ ಆರಸ್ರಬೇ, ಟೆಂಪೋ ಇಂಡಿ ಸಂತಿಗಿ ಹೋಗೂ ಹೊತ್ತಾತು” ಎಂದು ನನಗೂ ಅವ್ವನಿಗೂ ಹೇಳಿದ. ಜೀಪು ಅಣ್ಣನನ್ನು ಹಾಕಿಕೊಂಡು ಹೋಯಿತು. ನಾವು ಆರಿಸಿದೆವು.

ನಮ್ಮ ಓಣಿಯಲ್ಲಿ ‘ಹೌದ್ರಿ’ ಎಂದರೆ ಹೌದು ಎಂದಲ್ಲ. ನೀವು ಹೇಳಿದ್ದು ಕಿವಿಗೆ ಬಿತ್ತು, ನಿಮ್ಮ ಮುಂದೆ ತಲೆ ಬಗ್ಗಿಸಿ ನಿಂತಿದ್ದೇನೆ ಎಂದಷ್ಟೇ. “ನಿಮ್ಮ ಮಂದಿ ಎಲ್ಲಾ ಕಳ್ರ” ಎಂದು ಗುರಪ್ಪ ಬೈದರೂ ನಾವು ಹೌದ್ರಿ ಎನ್ನುತ್ತೇವೆ. ಅಪ್ಪ ಹಾಗೆ ಕಲಿಸಿ ಸತ್ತ.

ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಒಳಗೆ ಅಣ್ಣ ಮೊದಲು ‘ಯವ್ವಾ’ ಎಂದು ಕೂಗುತ್ತಿದ್ದ. ಆಮೇಲೆ ಬರೀ ‘ಹೌದ್ರಿ, ಹೌದ್ರಿ’. ಅವ್ವ ಬಾಗಿಲಿಗೆ ಹೋಗಿ ಕೈಮುಗಿದಳು.

“ಒಳಗ ಕ್ಯಾಮೆರಾ ಐತಂತಲ್ರೀ ಸಾಹೇಬ್ರ, ಹೊಡಿಯೂಹಂಗಿಲ್ಲಂತ.”

“ಕ್ಯಾಮೆರಾಕ ಕಣ್ಣಬ್ಯಾನಿ ಬಂದೈತಿ ಮುದುಕಿ” ಎಂದ ಬಾಗಿಲ ಪೊಲೀಸ. ಉಳಿದವರು ನಕ್ಕರು.

ಮರುದಿನ ಗುರಪ್ಪನೇ ಠಾಣೆಗೆ ಬಂದ. ಮೋಟರನ್ನು ಅವನ ಅಳಿಯ ರಿಪೇರಿಗೆ ಒಯ್ದಿದ್ದನಂತೆ. ನಾನು ಕಿಟಕಿಯ ಹತ್ತಿರ ಸರಿದು ನಿಂತೆ.

“ಈಗ ಹೆಂಗ ಬಿಡೂದ್ರಿ? ಕಾಲ ನೋಡ್ರಿಲ್ಲೆ ಅವಂದು” ಎಂದ ಫೌಜದಾರ. “ಇರ್ಲಿ, ಬ್ಯಾರೆಯವ್ರ ಮೋಟರ್ ಭಾಳ ಕಳದಾವು. ಆ ಕೇಸಿನ್ಯಾಗ ಹಾಕ್ತೇವಿ. ಹೆಂಗೂ ಹೌದ್ರಿ ಅಂತಾನ.”

ಗುರಪ್ಪ ಚಹಾ ಕುಡಿದು ಹೋದ. ನಮ್ಮತ್ತ ನೋಡಲಿಲ್ಲ.

ಕೋರ್ಟಿಗೆ ಕರೆತಂದಾಗ ಅಣ್ಣನ ಕಾಲಲ್ಲಿ ಬಿಳಿ ಬೂಟಿದ್ದವು. ಜೀವಮಾನದಲ್ಲಿ ಬೂಟು ಹಾಕಿದವನಲ್ಲ. ಇಬ್ಬರು ಪೊಲೀಸರು ರಟ್ಟೆ ಹಿಡಿದು ನಿಲ್ಲಿಸಿದರು. ಜಡ್ಜ್ ಸಾಹೇಬರು ತಲೆ ಎತ್ತದೆ ಕೇಳಿದರು:

“ಪೊಲೀಸರಿಂದ ತೊಂದರೆ ಏನೂ ಆಗಿಲ್ಲ, ಅಲ್ಲವೇ?”

“ಹೌದ್ರಿ.”

ಅವರು ಬರೆದುಕೊಳ್ಳತೊಡಗಿದರು.

ಸಾಲಿಯಲ್ಲಿ ಹಾಜರಿ ಕರೆದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಯಾರು ಎದ್ದು ನಿಂತರೋ, ಯಾರ ದನಿಯೋ ಎಂದು ನನಗೇ ತಿಳಿಯಲಿಲ್ಲ.

“ಅಲ್ಲರಿ.”

ಸಾಹೇಬರು ತಲೆ ಎತ್ತಿದರು. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು.

“ಬಡದಾರ್ರೀ. ಮೋಟರ್ ಸಾವಕಾರ್ರ ಅಳಿಯಾನ ಒಯ್ದಿದ್ದನ್ರಿ. ಅಣ್ಣಾ, ಬೂಟ ಬಿಚ್ಚೋ. ಕಾಲ ತೋರ್ಸೋ.”

ಫೌಜದಾರ ಅಣ್ಣನ ಮುಂದೆ ಬಂದು ನಿಂತ. “ಇವನ ತಂಗಿ ಸರ್. ತಲಿ ಸರಿಯಿಲ್ಲ ಅಕಿದು.”

ಸಾಹೇಬರು ನನ್ನನ್ನು ನೋಡಿದರು. ಕೋರ್ಟಿನಲ್ಲಿದ್ದವರೆಲ್ಲ ನೋಡಿದರು. ಅವರು ಪೆನ್ನು ಕೆಳಗಿಟ್ಟು ಅಣ್ಣನನ್ನು ಮೆತ್ತಗೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

“ಹೌದೇನಪ್ಪಾ?”

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ತಲೆ ತಾನಾಗಿ ಬಗ್ಗಿತು.

“ಹೌದ್ರಿ.”

ಯಾವುದಕ್ಕೆ ಹೌದು ಎಂದು ಯಾರೂ ಕೇಳಲಿಲ್ಲ; ಸಾಹೇಬರು ಮೊದಲಿನದನ್ನೇ ಬರೆದು ಮುಗಿಸಿದರು. ಮುಂದಿನವರ ಹೆಸರು ಕೂಗಿದರು. ಅಣ್ಣನನ್ನು ಎತ್ತಿಕೊಂಡೇ ಹೊರಗೆ ಒಯ್ದರು. ಬಿಳಿ ಬೂಟು ನೆಲಕ್ಕೆ ತಾಗಲಿಲ್ಲ.

“ಕೂಡ್ರಬೇ” ಎಂದು ಪೊಲೀಸಮ್ಮ ನನ್ನ ಹೆಗಲು ಒತ್ತಿದಳು.

ನಾನು ಕೂಡ್ರಲಿಲ್ಲ.