ಬಿಳಿ ಬಟ್ಟೆಗಳ ಜೊತೆ ಹೋದ ಫೋನು

ಬೂದುಬಣ್ಣದ ಕೋಟಿನ ಒಳಜೇಬಿನ ತಳಕ್ಕೆ ಅವಳ ಎರಡು ಬೆರಳು ತಗುಲಿದವು. ಏನೋ ಅಂಟಂಟು. ಎಳೆದು ನೋಡಿದರೆ ಅರ್ಧ ಚೀಪಿದ ಪೆಪ್ಪರಮಿಂಟು, ಅದಕ್ಕೆ ಮೆತ್ತಿಕೊಂಡ ಬಸ್ಸಿನ ಟಿಕೀಟು. ಎರಡನ್ನೂ ಬಿಡಿಸಿ, ಟಿಕೀಟನ್ನು ಗಲ್ಲಾಪೆಟ್ಟಿಗೆಯ ಪಕ್ಕದ ತಟ್ಟೆಗೂ ಪೆಪ್ಪರಮಿಂಟನ್ನು ಕಸದಬುಟ್ಟಿಗೂ ಹಾಕಿ, ಮುಂದಿನ ಜೇಬಿಗೆ ಕೈ ಇಳಿಸಿದಳು.

ಅವರ ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇತ್ತು: ಜೇಬು ತಡಕದೆ ಯಾವ ಬಟ್ಟೆಯೂ ನೀರು ಮುಟ್ಟಕೂಡದು. ಮಾವ ಬದುಕಿದ್ದಾಗ ಯಾರದೋ ಶಾಯಿಪೆನ್ನು ಒಂದಿಡೀ ತೊಟ್ಟಿ ಬಟ್ಟೆಯನ್ನು ನೀಲಿ ಮಾಡಿಹಾಕಿತ್ತಂತೆ. ಅಂದಿನಿಂದ ಅತ್ತೆ ಜೇಬು ನೋಡುವವಳಾದಳು. ಅತ್ತೆಯ ಬೆರಳು ಗಂಟುಕಟ್ಟಿದ ಮೇಲೆ ಆ ಕೆಲಸ ಸೊಸೆಯಾದ ಅವಳ ಕೈಗೆ ಬಂತು. ಕಲೆ ತೆಗೆಯುವುದೂ ಹಾಗೆಯೇ ಬಂದದ್ದು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಮರದ ಮೆಟ್ಟಿಲು. ಮದುವೆಯಾದಾಗಿನಿಂದ ಅವಳ ಬದುಕು ಆ ಮೆಟ್ಟಿಲನ್ನು ಹತ್ತಿ ಇಳಿದೇ ಸಾಗಿತ್ತು.

ಬೆರಳು ಜೇಬಿನಲ್ಲಿದ್ದರೂ ಮನಸ್ಸು ಬೆಳಿಗ್ಗೆ ಬಂದ ಮೆಸೇಜಿನಲ್ಲಿತ್ತು. ಕಳಿಸಿದವಳು ನಾಟಕದಕ್ಕ. ಸೇತುವೆಯಾಚೆಯ ನಾಟಕಮಂದಿರದಲ್ಲಿ ಪಾತ್ರಧಾರಿಗಳ ಉಡುಪು ನೋಡಿಕೊಳ್ಳುವ ಆಕೆ ಅಂಗಡಿಯ ಹಳೇ ಗಿರಾಕಿ. ಸ್ವಲ್ಪ ದಿನದ ಹಿಂದೆ ರಾಣಿವೇಷದ ಜರಿ ಕಾಲರಿಗೆ ಮೆತ್ತಿದ್ದ ಮುಖದ ಬಣ್ಣವನ್ನು ಇವಳು ಒಂದೆಳೆಯೂ ಮುಕ್ಕಾಗದಂತೆ ತೆಗೆದುಕೊಟ್ಟಿದ್ದಳು. ನಾಟಕದಕ್ಕ ಕಾಲರನ್ನು ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ನೋಡಿದಳು. ಆಮೇಲೆ, "ಈ ಚಳಿಗಾಲ ಪೂರ್ತಿ ನಮ್ಮ ತಂಡ ಊರೂರು ಸುತ್ತುತ್ತೆ. ಬಟ್ಟೆ ಅರ್ಥ ಆಗೋರು ಒಬ್ರು ನಂಗೆ ಬೇಕು. ಬರ್ತೀಯಾ?" ಎಂದು ಕೇಳಿದಳು.

ಅವಳು ನಕ್ಕು, "ನೋಡೋಣ ಅಕ್ಕ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೇನಿದೆ, ಹೋಗುವುದಂತೂ ಇಲ್ಲವಲ್ಲ, ಎಂದುಕೊಂಡಿದ್ದಳು. ಆದರೂ ಇಸ್ತ್ರಿ ಮಾಡುವಾಗ ಕಾಣದ ಊರುಗಳ ರಂಗದ ಹಿಂಬದಿಗಳು ಕಣ್ಣಮುಂದೆ ಬಂದು ನಿಲ್ಲುತ್ತಿದ್ದವು.

ಇವತ್ತಿನ ಮೆಸೇಜು ನೇರವಾಗಿತ್ತು. ಸಂಜೆಯೊಳಗೆ ಹೇಳಿಬಿಡು, ಬಂದರೂ ಸರಿ, ಬರದಿದ್ದರೂ ಸರಿ, ನಾಳೆ ಬೇರೆಯವರನ್ನು ಕೇಳುತ್ತೇನೆ. ಅವಳು ಅಲ್ಲೇ ನಿಂತು, 'ಆಗೋದಿಲ್ಲ ಅಕ್ಕ, ಇಲ್ಲಿ' ಎಂದು ಬರೆದಳು. 'ಇಲ್ಲಿ' ಆದ ಮೇಲೆ ಒಂದು ಕಾರಣ ಬರೆಯಬೇಕಿತ್ತು. ಅದು ಹೊಳೆಯುವ ಮೊದಲೇ ಯಾರೋ ಪರದೆಗಳ ಗಂಟು ಹೊತ್ತು ಬಂದರು. ಫೋನನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಪರದೆಯ ಧೂಳೆಲ್ಲ ಎದೆಗೆ ಹತ್ತಿದ್ದರಿಂದ ಏಪ್ರನ್ ಬಿಚ್ಚಿ ಬಿಳಿ ಬಟ್ಟೆಗಳ ರಾಶಿಗೆ ಎಸೆದಳು. ಗಂಡ ಆ ರಾಶಿಯನ್ನು ಬಾಚಿ ಮಷೀನಿಗೆ ತುಂಬಿ ಗುಂಡಿ ಒತ್ತಿದ.

ಈಗ, ಕೋಟಿನ ಜೇಬಿನಲ್ಲಿ ಕೈ ಇರುವಾಗಲೇ, ಮಷೀನಿನ ಗಾಜಿನಿಂದ ಟಕ್ ಎಂದು ಸದ್ದು ಬಂತು. ಗುಂಡಿ ಇರಬೇಕು ಎಂದುಕೊಂಡಳು. ಮತ್ತೆ ಟಕ್. ಇಷ್ಟು ದಪ್ಪ ಗುಂಡಿ ಯಾರ ಅಂಗಿಗಿದೆ? ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಏಪ್ರನ್ ಇರಲಿಲ್ಲ.

"ರೀ," ಎಂದಳು. "ಮಷೀನ್ ನಿಲ್ಸಿ."

ಗಂಡ ಬಂದು ಗುಂಡಿ ಒತ್ತಿದ. ಮಷೀನು ನಿಂತಿತು, ಆದರೆ ಬಾಗಿಲು ಬಿಡಲಿಲ್ಲ. ನೀರು ಪೂರ್ತಿ ಇಳಿಯುವವರೆಗೆ ಅದು ತಲೆ ಮೇಲೆ ತಲೆ ಬಿದ್ದರೂ ಬಾಗಿಲು ಬಿಡುವ ಜಾತಿಯದಲ್ಲ. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದಳು. ಕಾಲೇಜಿಗೆ ರಜೆಯಿದ್ದ ಮಗಳು ಕೂದಲಿಗೆ ಟವೆಲ್ಲು ಸುತ್ತಿಕೊಂಡೇ ಬಂದಳು. ನಾಲ್ವರೂ ದುಂಡನೆಯ ಗಾಜಿನ ಮುಂದೆ ಬಗ್ಗಿ ನಿಂತರು. ನೊರೆಯ ನಡುವೆ, ಯಾರದೋ ಬನಿಯನ್ನಿನ ತೋಳಿಗೆ ಒರಗಿಕೊಂಡು, ಫೋನು ತೊಟ್ಟಿಯ ಮೀನಿನಂತೆ ಇವರನ್ನೇ ನೋಡುತ್ತಿತ್ತು.

"ಜೀವ ಇದೆಯೋ ನೋಡ್ತೀನಿ," ಎಂದ ಗಂಡ ತನ್ನ ಫೋನಿನಿಂದ ಕರೆ ಮಾಡಿದ. ನೀರಿನೊಳಗೆ ಬೆಳಕು ಹತ್ತಿತು. ಗುಳುಗುಳು ಎಂಬ ಸದ್ದು ಬಂತು. "ನೋಡಿದ್ಯಾ, ರಿಂಗ್ ಆಗ್ತಿದೆ!"

"ಅಪ್ಪ, ಕಟ್ ಮಾಡು. ನೀರಲ್ಲಿ ಮುಳುಗ್ತಾ ಇರೋರಿಗೆ ಫೋನ್ ಮಾಡಿ ಹೇಗಿದ್ದೀರಾ ಅಂತ ಕೇಳ್ತಾರಾ?" ಎಂದಳು ಮಗಳು.

ಬೆಳಕು ಎರಡು ಸಲ ನಡುಗಿ ಆರಿತು.

ಅವಳ ಎದೆ, ತನಗೇ ಬೆರಗಾಗುವಂತೆ, ಹಗುರವಾಯಿತು. ಇನ್ನು ಕಾರಣ ಹುಡುಕಬೇಕಾಗಿಲ್ಲ. ಫೋನೇ ಹಾಳಾಯಿತು ಅಕ್ಕ, ಏನು ಮಾಡಲಿ, ಎಂದರೆ ಮುಗಿಯಿತು. ತಾನು ಒಪ್ಪಿದ್ದೂ ಅಲ್ಲ, ಒಲ್ಲೆ ಎಂದದ್ದೂ ಅಲ್ಲ. ಮಷೀನು ತೀರ್ಮಾನ ಮಾಡಿತು. ಆ ಹಗುರ ಒಂದು ಚಣ ನಿಂತಿತಷ್ಟೆ. ಕೆಳಗಿನ ಕೊಳವೆಯಲ್ಲಿ ನೀರು ಗೊಳಗೊಳ ಇಳಿಯತೊಡಗಿದಾಗ ಅವಳು ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು.

ಬಾಗಿಲು ಕ್ಲಿಕ್ಕೆಂದಿತು. ಫೋನು ಹೊರಗೆ ಬಂತು, ಸೋಪಿನ ಪರಿಮಳ ಸೂಸುತ್ತ.

"ಇಷ್ಟು ಚೊಕ್ಕಟವಾಗಿ ಇದು ಯಾವತ್ತೂ ಇರ್ಲಿಲ್ಲ ಬಿಡು," ಎಂದಳು ಅತ್ತೆ.

ಅಲ್ಲಿಂದ ಮುಂದೆ ಶುರುವಾಯಿತು ವಂಶದ ವಿದ್ಯೆಯ ಪ್ರದರ್ಶನ. ಒದ್ದೆಯಾದದ್ದನ್ನು ಒಣಗಿಸಿಯೇ ಹೊಟ್ಟೆ ಹೊರೆದವರು ಅವರು. ಗಂಡ ಫೋನನ್ನು ಟವೆಲ್ಲಿನಲ್ಲಿ ಸುತ್ತಿ, "ಹಿಂಡೋ ಡ್ರಮ್ಮಿಗೆ ಹಾಕಿ ನಾಲ್ಕು ಸುತ್ತು ತಿರುಗಿಸಿದ್ರೆ ಒಂದು ಹನಿ ಇರಲ್ಲ," ಎಂದ.

"ಅಪ್ಪ, ಅದು ಕಾಲುಚೀಲ ಅಲ್ಲ."

"ಬೇಡ್ವಾ? ಹಾಗಾದ್ರೆ ಡ್ರೈಯರ್. ಉಣ್ಣೆ ಬಟ್ಟೆಗೆ ಇಡೋ ಶಾಖ ಸಾಕು."

"ಉಣ್ಣೆಗೆ ಇಡೋ ಶಾಖ ಅಂತ ನೀವು ಇಡೋದ್ರಲ್ಲೇ ಮೊನ್ನೆ ಒಬ್ಬರ ಸ್ವೆಟರು ಗೊಂಬೆಗೆ ಹಾಕೋ ಹಾಗಾಯ್ತು," ಎಂದಳು ಅವಳು.

"ಅದು ನೂಲು ಸರಿ ಇರ್ಲಿಲ್ಲ ಕಣೇ."

ಅತ್ತೆ ಆಗಲೇ ಮೇಲೆ ಹೋಗಿ ಅಕ್ಕಿಡಬ್ಬ ತಂದಿದ್ದಳು. "ಎಲ್ರೂ ಅಕ್ಕಿಯಲ್ಲೇ ಹುಗೀತಾರೆ. ನಾನೇನು ಹೊಸದಾಗಿ ಹೇಳ್ತಿಲ್ಲ."

"ಎಲ್ರೂ ಹುಗೀತಾರೆ, ಎಲ್ರ ಫೋನೂ ಸಾಯುತ್ತೆ ಅಜ್ಜಿ. ಅಕ್ಕಿ ಹಿಟ್ಟು ತೂತಲ್ಲೆಲ್ಲ ಹೋಗಿ ಕೂತ್ಕೊಳ್ಳುತ್ತೆ. ಶಾಖ ಬೇಡ, ಅಲ್ಲಾಡಿಸೋದು ಬೇಡ, ಚಾರ್ಜು ಬೇಡ. ಮುಖ್ಯ, ಯಾರೂ ಆನ್ ಮಾಡಬೇಡಿ. ಒಳಗೆ ತೇವ ಇದ್ದಾಗ ಕರೆಂಟ್ ಹೋದ್ರೆ ಮುಗೀತು ಅದರ ಕಥೆ. ಎರಡು ದಿನ ಹೀಗೇ ಗಾಳಿಗೆ ಬಿಡಬೇಕು."

"ಎರಡು ದಿನಾನಾ?" ಅವಳ ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಮಗಳು ತಿರುಗಿ ನೋಡಿದಳು. "ಯಾಕಮ್ಮ, ಅರ್ಜೆಂಟ್ ಇತ್ತಾ?"

"ಇಲ್ಲ. ಸುಮ್ನೆ ಕೇಳ್ದೆ."

ಮಗಳು ಗುಂಡಿ ಮುಟ್ಟದೆ ಫೋನಿನ ಗಾಜನ್ನೇ ನೋಡಿ ಅದು ಪೂರ್ತಿ ಆರಿದೆಯೆಂದು ಖಾತ್ರಿ ಮಾಡಿಕೊಂಡಳು. ಸೂಜಿಯ ಮೊನೆಯಿಂದ ಸಿಮ್ಮಿನ ಪುಟ್ಟ ತಟ್ಟೆ ಹೊರಗೆಳೆದು, ಕವರು ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಚಾರ್ಜು ಹಾಕುವ ತೂತು ಕೆಳಗೆ ಬರುವಂತೆ ಹಿಡಿದಾಗ ಒಂದು ಹನಿ ತೊಟ್ಟಿಕ್ಕಿತು, ಹಿಂದೆಯೇ ಇನ್ನೊಂದು. ನಾಲ್ವರೂ ಉಸಿರು ಬಿಗಿಹಿಡಿದು ನೋಡಿದರು.

"ಹೊಸ ಚಪ್ಪಲಿ ಡಬ್ಬದಲ್ಲಿ ಇರುತ್ತಲ್ಲ, ತೇವ ಹೀರೋ ಪುಟ್ಟ ಪೊಟ್ಟಣ, ಅದಿದ್ದಿದ್ರೆ ಚೆನ್ನಾಗಿತ್ತು," ಎಂದಳು ಮಗಳು.

ಅತ್ತೆಯ ಮುಖ ಅರಳಿತು. ಸರಸರನೆ ಮೆಟ್ಟಿಲು ಹತ್ತಿದಳು. ಇಳಿದು ಬಂದಾಗ ಕೈಯಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬ ಇತ್ತು; ಅದರ ತುಂಬ ಅವೇ ಪೊಟ್ಟಣಗಳು, ಎಷ್ಟೋ ವರ್ಷದವು. "ಎಸೀಬೇಡಿ, ಎಸೀಬೇಡಿ ಅಂದ್ರೆ ಮುದುಕಿಗೆ ಮರುಳು ಅಂತಿದ್ರಿ. ಈಗ ಹೇಳಿ."

"ನಾನು ಯಾವತ್ತು ಅಂದೆ?" ಎಂದ ಗಂಡ.

"ನೀನೇ ಅಂದಿದ್ದು. ಬಾಯ್ಮುಚ್ಕೊಂಡು ಫ್ಯಾನ್ ತಿರುಗಿಸು."

ಫೋನನ್ನು ಎರಡು ಮರದ ಕ್ಲಿಪ್ಪುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಸುತ್ತ ಪೊಟ್ಟಣಗಳನ್ನು ಪೇರಿಸಿ, ಇಸ್ತ್ರಿ ಮೇಜಿನ ತುದಿಯಲ್ಲಿಟ್ಟು, ಫ್ಯಾನನ್ನು ಮೆಲ್ಲಗೆ ತಿರುಗಿಸಿದರು. ಮಗಳು ಒಂದು ರಟ್ಟಿನ ಮೇಲೆ, 'ಮುಟ್ಟಬೇಡಿ. ಅಪ್ಪ, ವಿಶೇಷವಾಗಿ ನೀನು' ಎಂದು ಬರೆದು ಒರಗಿಸಿದಳು.

ಮಧ್ಯಾಹ್ನ ಮೇಷ್ಟ್ರು ಬಂದರು. ಬೂದುಬಣ್ಣದ ಕೋಟು ಅವರದೇ. ಶಾಲೆಯಿಂದ ನಿವೃತ್ತರಾಗಿದ್ದರೂ ಯಾರನ್ನು ಕಂಡರೂ ಪಾಠ ಒಪ್ಪಿಸಿಕೊಳ್ಳುವ ಚಾಳಿ ಹೋಗಿರಲಿಲ್ಲ. ಮೇಜಿನ ತುದಿಯ ಏರ್ಪಾಡನ್ನು ಕನ್ನಡಕ ಏರಿಸಿ ನೋಡಿದರು.

"ಏನಮ್ಮ ಇದು, ಫೋನಿಗೆ ಇಸ್ತ್ರಿಯೋ, ಗಂಜಿಯೋ?"

"ಏಪ್ರನ್ ಜೇಬಲ್ಲಿ ಮರೆತು ಒಗೆಯೋಕೆ ಹೋಗ್ಬಿಡ್ತು ಮೇಷ್ಟ್ರೇ."

ಮೇಷ್ಟ್ರು ಹೊಟ್ಟೆ ಕುಣಿಯುವಂತೆ ನಕ್ಕರು. "ನನ್ನ ಜೇಬಿನ ಪೆಪ್ಪರಮಿಂಟನ್ನೂ ಬಿಡದೆ ಹುಡುಕೋಳು ನೀನು. ನಿನ್ನ ಜೇಬು ನೋಡೋರು ಯಾರೂ ಇಲ್ವಾ ಈ ಮನೇಲಿ?"

"ಅವಳ ಜೇಬಲ್ಲಿ ಏನಿರುತ್ತೆ ಮೇಷ್ಟ್ರೇ, ದಾರ, ಪಿನ್ನು," ಎಂದ ಗಂಡ, ಕೋಟನ್ನು ಕಾಗದದಲ್ಲಿ ಸುತ್ತುತ್ತ. ಕೆಟ್ಟದಾಗಿ ಹೇಳಿದ್ದಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಅದಕ್ಕಿಂತ ಹೆಚ್ಚು ಅವಳೂ ತಿಳಿಯಗೊಟ್ಟಿರಲಿಲ್ಲ.

ಅವಳು ನಗುತ್ತ ಮೇಜಿನ ತುದಿ ನೋಡಿದಳು. ಆ ಸಣ್ಣ ಕಪ್ಪು ಫೋನಿನೊಳಗೆ ತನ್ನ ಅರ್ಧ ವಾಕ್ಯ ಕೂತಿದೆ. ಯಾರಾದರೂ ಗುಂಡಿ ಒತ್ತಿ, ಅದೇನಾದರೂ ಹೊತ್ತಿಕೊಂಡರೆ, ಮೊದಲು ಕಾಣುವುದು ಅದೇ. ಹಾಗಾಗದಿರಲಿ ಎಂದು ಒಂದು ಮನಸ್ಸು. ಈಗಲೇ ಹೊತ್ತಿಕೊಳ್ಳಲಿ ಎಂದು ಇನ್ನೊಂದು. ಆ ಎರಡನೆಯ ಮನಸ್ಸು ಯಾಕೆ ಇಷ್ಟು ಅವಸರ ಮಾಡುತ್ತಿದೆ ಎಂದು ಅವಳು ಚಾದರಗಳನ್ನು ಮಡಿಸುತ್ತ ಯೋಚಿಸಿದಳು. ಆಗುವುದಿಲ್ಲ ಎಂದು ಹೇಳುವುದಕ್ಕೆ ಯಾರಾದರೂ ಇಷ್ಟು ಚಡಪಡಿಸುತ್ತಾರೆಯೇ? ಒಲ್ಲೆ ಎನ್ನಬೇಕಾದ ಕರೆಗಳು ಎಷ್ಟು ಬಂದಿಲ್ಲ ಬದುಕಿನಲ್ಲಿ. ಅವು ತಪ್ಪಿಹೋದರೆ ನೆಮ್ಮದಿಯಾಗಿ ನಿದ್ದೆ ಬಂದಿದೆ.

ನಾಟಕದಕ್ಕನ ಹೆಸರಿನ ಪ್ರತಿ ರಸೀದಿಯ ಮೇಲೂ ಆಕೆಯ ನಂಬರು ಇತ್ತು. ಬೇಕೆಂದಿದ್ದರೆ ಗಂಡನ ಫೋನಿನಿಂದ ಯಾವಾಗಲೋ ಮಾತಾಡಬಹುದಿತ್ತು. ಬೆಳಗಿನಿಂದ ಒಮ್ಮೆಯೂ ಅದು ತಲೆಗೆ ಬರಲಿಲ್ಲ. ಬರಲು ತಾನು ಬಿಡಲಿಲ್ಲ ಎನ್ನುವುದೇ ಸರಿ. ಎಲ್ಲರೂ ಫೋನಿನ ಸುತ್ತ ಓಡಾಡುತ್ತಿರುವಾಗ, ಅದರ ಮರೆಯಲ್ಲಿ ಕೂರುವುದು ಎಷ್ಟು ಸುಖವಾಗಿತ್ತು. ಮಡಿಸಿದ ಚಾದರವನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸುತ್ತಿದ್ದುದು ಅವಳಿಗೆ ಆಗ ಗಮನಕ್ಕೆ ಬಂತು.

ಸಂಜೆಯ ಬಿಸಿಲು ಗಾಜಿನ ಬಾಗಿಲಿನಿಂದ ಇಳಿದು ನೆಲದ ಮೇಲೆ ಉದ್ದವಾಯಿತು. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಮಗಳು ಮೇಲಿದ್ದಳು. ಗಂಡ ಕಳ್ಳಹೆಜ್ಜೆಯಲ್ಲಿ ಇಸ್ತ್ರಿ ಮೇಜಿನ ತುದಿಗೆ ಹೋದ.

"ಒಂದೇ ಒಂದು ಸಲ ಒತ್ತಿ ನೋಡ್ತೀನಿ," ಎಂದು ಪಿಸುಗುಟ್ಟಿದ. "ಪಾಪ, ನೀನೂ ಬೆಳಗಿಂದ ಅದನ್ನೇ ನೋಡ್ತಾ ಇದೀಯ. ಬಂದ್ರೆ ಬಂತು."

ಅವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವಳು ಹೋಗಿ ಆ ಕೈಯನ್ನು ಮೆಲ್ಲಗೆ ಹಿಡಿದು ಸರಿಸಿದಳು.

"ಬೇಡ ಬಿಡಿ. ಅದು ತನ್ನ ಪಾಡಿಗೆ ಒಣಗಲಿ. ನಂಗೇನೂ ಅವಸರ ಇಲ್ಲ."

"ಬೆಳಿಗ್ಗೆ ಮುಖ ನೋಡಿದ್ರೆ ಹಾಗೆ ಕಾಣ್ಲಿಲ್ಲ."

"ಬೆಳಿಗ್ಗೆ ಇತ್ತು."

ಅತ್ತೆ ಒಂದು ಕಣ್ಣು ತೆರೆದಳು. "ಮುಟ್ಟಬೇಡ ಅಂತ ಬರೆದಿದ್ದು ಓದೋಕೆ ಬರಲ್ವಾ ನಿಂಗೆ? ಇಷ್ಟು ದೊಡ್ಡ ಮಗಳಿದ್ದಾಳೆ."

"ಒರೆಸ್ತಿದ್ದೆ ಅಮ್ಮ."

ಅವಳು ನಗು ತಡೆದುಕೊಂಡು ಗೂಟದಿಂದ ಶಾಲು ತೆಗೆದುಕೊಂಡಳು. ಕನ್ನಡಿಯ ಮುಂದೆ ನಿಂತು ಕೂದಲು ಒತ್ತಿಕೊಂಡಳು.

"ಎಲ್ಲಿಗೆ?" ಎಂದ ಗಂಡ.

"ಸೇತುವೆ ಕಡೆ ಸ್ವಲ್ಪ ನಡೆದು ಬರ್ತೀನಿ. ಇಡೀ ದಿನ ಆವಿಯಲ್ಲೇ ಇದ್ದೆ."

"ಹೋಗಿ ಬಾ. ಬಾಗಿಲು ನಾನು ಹಾಕ್ತೀನಿ."

ಬೀದಿಯಲ್ಲಿ ಗಾಳಿ ತಣ್ಣಗಿತ್ತು. ಬ್ರೆಡ್ಡಿನ ಅಂಗಡಿ, ಬೀಗ ರಿಪೇರಿಯವನ ಕಿಂಡಿ, ಬಸ್ ನಿಲ್ದಾಣದ ಬೆಂಚು ದಾಟಿ ಸೇತುವೆಯ ಏರು ಹತ್ತುವಾಗ ಅವಳ ಹೆಜ್ಜೆ ತಾನಾಗಿ ಬಿರುಸಾಯಿತು. ನಾಟಕಮಂದಿರದ ಹಿಂಬಾಗಿಲಿನ ದೀಪ ಆಗಲೇ ಹತ್ತಿತ್ತು. ಬರ್ತೀನಿ ಅಕ್ಕ, ಎನ್ನುವುದು. ಅಷ್ಟೇ ಸಾಕು, ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಮನೆಯಲ್ಲಿ ಹೇಳುವುದಕ್ಕೆ ಇನ್ನೂ ದಿನಗಳಿವೆ. ನಾಳೆ ಮೊದಲು ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉಣ್ಣೆಗೆ ಎಷ್ಟು ಶಾಖ, ರೇಷ್ಮೆಗೆ ಎಷ್ಟು ಎಂದು ಕಲಿಸಲು ಶುರುಮಾಡಬೇಕು. ಯಾಕೆ ಎಂದು ಕೇಳಿದರೆ, ಕಲಿತರೆ ಒಳ್ಳೆಯದಲ್ಲವಾ, ಎಂದರಾಯಿತು.