ಅಂಟು ಒಣಗುವ ಮೊದಲು

ತನ್ನ ಮೇಲೆ ತನಗೆ ನಂಬಿಕೆ ಎಂಬುದೊಂದು ಗುಬ್ಬಕ್ಕನಿಗೆ ಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಅದು ಇದ್ದದ್ದು ಎರಡೇ ತಿಂಗಳು.

ಅಲ್ಲಿಯವರೆಗೆ ಅವಳು ಮುದ್ರಣಾಲಯವೊಂದರ ಪುಸ್ತಕ ಕಟ್ಟುವ ಉದ್ದನೆಯ ಕೋಣೆಯಲ್ಲಿ ತಲೆ ಬಗ್ಗಿಸಿ ಕೂತವಳು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ಮಡಿಕೆಗಳನ್ನು ಕ್ರಮವಾಗಿ ಜೋಡಿಸಿ, ಬೆನ್ನಿಗೆ ದಾರ ಹಾಕಿ ಹೊಲಿಯುವುದು ಅವಳ ಕೆಲಸ. ಆಳು ಚಿಕ್ಕದು, ದನಿ ಅದಕ್ಕಿಂತ ಚಿಕ್ಕದು. ಏನು ಕೇಳಿದರೂ, "ಅಯ್ಯೋ, ನಂಗೇನು ತಿಳಿಯುತ್ತೆ, ಮಾವನ್ನ ಕೇಳಿ" ಅನ್ನುತ್ತಿದ್ದಳು. ಮಾವ ಎಂದರೆ ಪುಸ್ತಕದ ಅಂಚು ಕತ್ತರಿಸುವ ಯಂತ್ರದವರು. ಯಾರಿಗೂ ಸಂಬಂಧಿಯಲ್ಲ, ಎಲ್ಲರಿಗೂ ಮಾವ. ಮೂವತ್ತು ವರ್ಷ ಆ ಅಲಗಿನ ಮುಂದೆ ನಿಂತೂ ಹತ್ತು ಬೆರಳನ್ನೂ ಉಳಿಸಿಕೊಂಡಿದ್ದರು. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಪದವಿ ಬೇರೆ ಇರಲಿಲ್ಲ.

ಹಳೆಯ ಮೇಸ್ತ್ರಿ ಕೆಲಸ ಬಿಟ್ಟಾಗ ಯಜಮಾನರು ಗುಬ್ಬಕ್ಕನನ್ನು ಅವರ ಜಾಗದಲ್ಲಿ ಕೂರಿಸಿ, ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಗರಿಗರಿ ಅಂಗಿಯ ಒಬ್ಬರು ಎಲ್ಲರನ್ನೂ ಎದ್ದು ನಿಲ್ಲಿಸಿ, "ಸೋಲು ಮೊದಲು ಬರೋದು ಬಾಯಿಗೆ. ಆಗಲ್ಲ ಅನ್ನೋ ಮಾತನ್ನ ನಿಮ್ಮ ಬಾಯಿಂದ ಕಿತ್ತು ಹಾಕಿ. ನಿಮ್ಮ ಕೈಕೆಳಗಿನವರ ಬಾಯಿಂದಲೂ ಕೀಳಿ" ಎಂದರು. ಕೊನೆಗೆ ಅವಳ ಕೈ ಕುಲುಕಿ, "ನೀವು ಲೀಡರ್, ಮೇಡಂ" ಎಂದರು. ಅದುವರೆಗೆ ಅವಳನ್ನು ಯಾರೂ ಮೇಡಂ ಅಂದಿರಲಿಲ್ಲ. ಒಳ್ಳೆಯ ಮನುಷ್ಯರೇ, ಮಧ್ಯಾಹ್ನ ಅವಳು ನೀರಿಗಾಗಿ ಅತ್ತಿತ್ತ ನೋಡುತ್ತಿದ್ದಾಗ ತಾವೇ ಲೋಟ ತುಂಬಿಸಿ ತಂದುಕೊಟ್ಟಿದ್ದರು. ಬಸ್ಸಿನಲ್ಲಿ ಮನೆಗೆ ಬರುವಾಗ ಗುಬ್ಬಕ್ಕ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

ಮಾರನೆಯ ದಿನವೇ ಕೋಣೆಯ ಗೋಡೆಗೆ ಕಾಗದ ಹತ್ತಿತು: ಇಲ್ಲಿ ‘ಆಗಲ್ಲ’ ಎನ್ನುವಂತಿಲ್ಲ. ಅಂದವರು ಐದು ನಿಮಿಷ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮೊದಲ ದಿನ ಪುಸ್ತಕದ ಬೆನ್ನಿಗೆ ಅಂಟು ಹಚ್ಚುವ ಅಂಟಕ್ಕ ಮೂರು ಸಲ ನಿಂತಳು.

"ಲೇ ಗುಬ್ಬಿ, ಈ ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷ ಆಯ್ತೇ? ಇಷ್ಟು ಹತ್ತಿರದಿಂದ ಇವತ್ತೇ ನೋಡಿದ್ದು."

"ಮಾತಾಡಿದ್ರೆ ಇನ್ನೈದು ನಿಮಿಷ!"

"ನಿಲ್ಲಿಸಮ್ಮ, ನಿಲ್ಲಿಸು. ಕಾಲಿಗೆ ನನ್ನ ಅಂಟನ್ನೇ ಹಚ್ಚಿ ನಿಲ್ಲಿಸು."

ಕೋಣೆಯೆಲ್ಲ ನಕ್ಕಿತು. ನಗುನಗುತ್ತಲೇ ಕೆಲಸ ಚುರುಕಾಯಿತು. ಗುಬ್ಬಕ್ಕ ಯಾರನ್ನೂ ಬಯ್ಯುತ್ತಿರಲಿಲ್ಲ. ಕಣ್ಣು ಮಂಜಾಗಿದ್ದ ಒಬ್ಬಳ ಮೇಜನ್ನು ತಾನೇ ಎಳೆದು ಬೆಳಕಿಗೆ ಹಾಕಿದಳು. ಒಂಬತ್ತು ಹೆಂಗಸರೂ ಮನೆಗೆ ಹೋಗುವಾಗ, "ನಮ್ಮ ಗುಬ್ಬಿಗೆ ರೆಕ್ಕೆ ಬಂತು ಕಣೇ" ಎಂದು ಹೆಮ್ಮೆಪಟ್ಟರು.

ಒಂದು ಬೆಳಿಗ್ಗೆ ಯಜಮಾನರು ಅವಳನ್ನು ಕರೆದು ಒಂದು ಯಂತ್ರದ ಚಿತ್ರ ತೋರಿಸಿದರು. ಮಡಿಸುವುದು, ಹೊಲಿಯುವುದು, ಅಂಟಿಸುವುದು ಎಲ್ಲವನ್ನೂ ಅದೇ ಮಾಡುತ್ತದಂತೆ; ನೋಡಿಕೊಳ್ಳಲು ಇಬ್ಬರು ಸಾಕಂತೆ.

"ನೋಡಮ್ಮ, ನಂಗೂ ನಿಮ್ಮನ್ನೆಲ್ಲ ಕಳಿಸೋಕೆ ಮನಸ್ಸಿಲ್ಲ. ದಾದಿಯರ ಕೈಪಿಡಿ ಬಂದಿದೆ, ಮೂರು ಸಾವಿರ ಪ್ರತಿ. ಒಂಬತ್ತೇ ದಿನ ಕೊಟ್ಟಿದಾರೆ. ಕೈಯಿಂದ ಮಾಡಿ ಮುಗಿಸಿದ್ರೆ ಈ ಯಂತ್ರದ ಮಾತು ಇಲ್ಲಿಗೇ ಬಿಡ್ತೀನಿ. ಆಗುತ್ತಾ?"

"ಆಗುತ್ತೆ ಸಾರ್." ಉಸಿರು ತೆಗೆದುಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ ಅವಳು.

ಕೋಣೆಗೆ ಬಂದು ಹೇಳಿದಾಗ ಹೆಂಗಸರು ಕೆಲಸ ಉಳಿಯುವುದೆಂದು ಚಪ್ಪಾಳೆ ತಟ್ಟಿದರು. ಮಾವ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು.

"ಗುಬ್ಬಿ, ಅಂಟು ಒಣಗೋಕೆ ಕಬ್ಬಿಣದ ಭಾರದ ಕೆಳಗೆ ಒಂದಿಡೀ ದಿನ ಬೇಕು. ಈ ಒಂಬತ್ತರಲ್ಲಿ ಆ ದಿನ ಎಲ್ಲಿದೆ? ಹಸಿ ಪುಸ್ತಕ ಅಲಗಿನ ಕೆಳಗೆ ನಿಲ್ಲಲ್ಲಮ್ಮ, ಜಾರುತ್ತೆ. ಇದು ಆಗಲ್ಲ."

ಎಲ್ಲರ ಕಣ್ಣೂ ಗುಬ್ಬಕ್ಕನ ಮೇಲೆ. ಅಂಟಕ್ಕನಿಗೊಂದು ನ್ಯಾಯ, ಮಾವನಿಗೊಂದು ನ್ಯಾಯ ಮಾಡಿದರೆ ನಾಳೆ ತನ್ನ ಮಾತಿಗೆ ಬೆಲೆ ಇರುವುದೇ ಎಂದು ಅವಳಿಗೆ ಅಳುಕಾಯಿತು.

"ಮಾವ, ಗೋಡೆ," ಅಂದಳು. ನಗಲು ನೋಡಿದಳು.

ಮಾವ ಕನ್ನಡಕ ಜೇಬಿಗಿಟ್ಟುಕೊಂಡು ಹೋಗಿ ನಿಂತರು. ಅರವತ್ತನಾಲ್ಕು ವರ್ಷದ ಬೆನ್ನು. ಈ ಸಲ ಯಾರೂ ನಗಲಿಲ್ಲ. ಅಂಟಕ್ಕ ಸದ್ದಾಗದಂತೆ ಒಂದು ಸ್ಟೂಲನ್ನು ಅವರ ಹಿಂದೆ ಸರಿಸಿದಳು. ಅವರು ಕೂರಲಿಲ್ಲ. ಐದು ನಿಮಿಷ ಮುಗಿಸಿ ಬಂದು, ಯಂತ್ರಕ್ಕೆ ಎಣ್ಣೆ ಬಿಡಲು ತೊಡಗಿದರು.

ಆ ಒಂಬತ್ತು ದಿನ ಯಾರೂ ಬೆನ್ನು ನೆಲಕ್ಕೆ ತಾಗಿಸಲಿಲ್ಲ ಅಂದರೆ ಅತಿಶಯವಲ್ಲ. ಮನೆಗಳಿಂದ ಫ್ಯಾನುಗಳು ಬಂದವು. ಒಬ್ಬಳು ಕೂದಲು ಒಣಗಿಸುವ ಯಂತ್ರವನ್ನೇ ಹೊತ್ತು ತಂದಳು. ಅಂಟು ಮೇಲೆ ಮೇಲೆ ಒಣಗಿದಂತೆ ಕಂಡದ್ದೇ ತಡ, ಪುಸ್ತಕಗಳು ಆರಾರರಂತೆ ಅಲಗಿನ ಕೆಳಗೆ ಹೋದವು. ಮಾವ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಕಟ್ಟುಗಳನ್ನು ಗಾಳಿಗೆ ತಿರುಗಿಸಿಡುತ್ತಿದ್ದರು. ಅದನ್ನು ಯಾರಿಗೂ ಹೇಳಲೂ ಇಲ್ಲ. ಗುಬ್ಬಕ್ಕ ಪ್ರತಿ ಕಟ್ಟಿನಿಂದ ಮೇಲಿನದೊಂದನ್ನು ತೆಗೆದು, ಪುಟ ಮಗುಚಿ ನೋಡುತ್ತಿದ್ದಳು. ಚೆನ್ನಾಗಿಯೇ ಇರುತ್ತಿತ್ತು. ಒಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ಕೊನೆಯ ಕಟ್ಟು ಹೊರಟಿತು. ಯಜಮಾನರು ಬಂದು ಎಲ್ಲರೆದುರು ಅವಳ ಕೈ ಕುಲುಕಿದರು.

ಅದಾದ ಆರನೆಯ ದಿನ ಪುಸ್ತಕಗಳು ವಾಪಸು ಬಂದವು.

ಕಟ್ಟಿನ ಮೇಲಿನ ಪ್ರತಿ ಸರಿಯಿತ್ತು. ನಡುವಿನವು ಅಲಗಿನ ಒತ್ತಡಕ್ಕೆ ಅರ್ಧ ಬೆರಳಿನಷ್ಟು ಜಾರಿದ್ದವು. ಬಲಗಡೆ ಅಂಚಿನಲ್ಲಿದ್ದದ್ದು ಔಷಧಿಯ ಅಳತೆಯ ಪಟ್ಟಿ. ಒಂದೊಂದು ಸಾಲಿನ ಕೊನೆಯ ಅಂಕಿ ಹಾರಿಹೋಗಿತ್ತು. ನೂರು ಇರಬೇಕಾದಲ್ಲಿ ಹತ್ತು. ಹತ್ತು ಇರಬೇಕಾದಲ್ಲಿ ಒಂದು. ಪಾಠ ಹೇಳುವ ಹಿರಿಯ ದಾದಿಯೊಬ್ಬರು ಮೊದಲ ದಿನವೇ ಕಂಡುಹಿಡಿದದ್ದರಿಂದ ಯಾವ ರೋಗಿಗೂ ಏನೂ ಆಗಲಿಲ್ಲ. ಆಗಲಿಲ್ಲ ಎಂಬುದನ್ನು ಗುಬ್ಬಕ್ಕ ಯಜಮಾನರ ಬಾಯಿಂದ ನಾಲ್ಕು ಸಲ ಕೇಳಿ ತಿಳಿದುಕೊಂಡಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ಮಾವ, ಏನಾದ್ರೂ ಮಾಡಬಹುದಾ?"

"ಕತ್ತರಿಸಿ ಹೋದದ್ದನ್ನ ಏನು ಮಾಡೋದಮ್ಮ."

"ಇನ್ನೊಂದು ಸಲ ಯಾಕೆ ಹೇಳಲಿಲ್ಲ ನೀವು? ನನ್ನ ಕೆನ್ನೆಗೆ ಹೊಡೆದು ಹೇಳಬಾರದಿತ್ತಾ?"

ಮಾವ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ನಂಗೇ ಅನುಮಾನ ಬಂತು ಗುಬ್ಬಿ. ಎಲ್ರೂ ಅಷ್ಟು ನಂಬಿಕೊಂಡಿದ್ರಿ. ನಂಬಿಕೆ ಇಟ್ರೆ ಅಂಟೂ ಬೇಗ ಒಣಗುತ್ತೇನೋ, ಮೂವತ್ತು ವರ್ಷ ನಾನೇ ತಪ್ಪು ತಿಳಿದಿದ್ದೆನೇನೋ ಅಂತ."

ಅಂಟಕ್ಕ ಬಕೆಟ್ಟಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ಗುಬ್ಬಕ್ಕನ ಕೈ ಎಳೆದುಕೊಂಡು, ಉಗುರಿಗೆ ಮೆತ್ತಿದ್ದ ಹಳೆಯ ಅಂಟನ್ನು ಒರೆಸುತ್ತ ಕೂತಳು. ತಲೆ ಎತ್ತದೆ ಹೇಳಿದಳು:

"ನಾನು ನೋಡಿದ್ದೆ ಕಣೇ. ಕಸದ ಚೀಲದಲ್ಲಿ, ಕತ್ತರಿಸಿದ ಚೂರಿನ ಮೇಲೆ ಕಪ್ಪಗೆ ಏನೋ ಇತ್ತು. ಗೆರೆ ಇರಬೇಕು ಅಂದ್ಕೊಂಡೆ. ಕೇಳೋಣ ಅಂತ ಬಂದೆ. ಅಷ್ಟರಲ್ಲಿ ನೀನು ಏನೋ ಗುನುಗಿಕೊಂಡು ಪುಸ್ತಕ ಎಣಿಸ್ತಿದ್ದೆ. ಇಷ್ಟು ವರ್ಷದಲ್ಲಿ ನಿನ್ನ ಮುಖ ಅಷ್ಟು ಖುಷಿಯಾಗಿ ನೋಡಿರಲಿಲ್ಲ. ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಗುಬ್ಬಕ್ಕ ಕೈ ಬಿಡಿಸಿಕೊಳ್ಳಲಿಲ್ಲ, ಒರೆಸಿಕೊಳ್ಳಲು ಬಿಟ್ಟಳು.

ಯಜಮಾನರು ಕೂಗಾಡಲಿಲ್ಲ. ತಿಂಗಳ ಕೊನೆಗೆ ಯಂತ್ರ ಬಂತು. ಅದು ಬಾಗಿಲಲ್ಲಿ ಹಿಡಿಯದೆ ಚೌಕಟ್ಟು ಒಡೆಯಬೇಕಾಯಿತು. ಹೆಂಗಸರು ತಮ್ಮ ತಮ್ಮ ಸೂಜಿ, ಕತ್ತರಿ, ಕೂರುವ ದಿಂಬು ಎತ್ತಿಕೊಂಡು ಹೊರಟರು. "ತಪ್ಪು ನನ್ನದು" ಎಂದು ಗುಬ್ಬಕ್ಕ ಒಬ್ಬೊಬ್ಬರಿಗೂ ಹೇಳಿದಳು. ಕಣ್ಣು ಮಂಜಾದವಳು ಮಾತ್ರ, "ಹೌದು" ಎಂದಳು. ಅವಳನ್ನು ಇನ್ನೆಲ್ಲಿಯೂ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ; ಆ ಮಾತಾಡುವ ಹಕ್ಕು ಅವಳಿಗಿತ್ತು.

ಮೂರು ವಾರದ ಮೇಲೆ ಅಂಟಕ್ಕ ಗುಬ್ಬಕ್ಕನನ್ನು ಎಬ್ಬಿಸಿಕೊಂಡು ಇನ್ನೊಂದು ಮುದ್ರಣಾಲಯಕ್ಕೆ ಹೋದಳು. ಎರಡನೆಯ ಮಹಡಿ, ಕಿರಿದಾದ ಮೆಟ್ಟಿಲು. ಮೇಜಿನ ಹಿಂದಿದ್ದವರು ಕಾಗದದಿಂದ ಕಣ್ಣೆತ್ತಿ, "ಒಬ್ಬರಿಗೇ ಜಾಗ ಇರೋದು" ಎಂದರು.

"ಇವಳನ್ನ ತಗೊಳ್ಳಿ ಸಾರ್," ಅಂಟಕ್ಕ ಗುಬ್ಬಕ್ಕನನ್ನು ಮುಂದೆ ನೂಕಿದಳು. "ಹೊಲಿಗೆಯವಳು. ಇವಳು ಹೊಲಿದ ಒಂದು ಪುಸ್ತಕ ಬಿಚ್ಚಿಕೊಂಡು ಬಂದದ್ದು ನಾನು ಕಂಡಿಲ್ಲ. ಒಂಬತ್ತು ಜನರನ್ನ ನಡೆಸಿದಾಳೆ."

"ಹೌದೇನಮ್ಮ? ಏನೇನು ಬರುತ್ತೆ ನಿಂಗೆ?"

ಗುಬ್ಬಕ್ಕ ಬಾಯಿ ತೆರೆದಳು. ಮಡಿಸುವುದು, ಜೋಡಿಸುವುದು, ಹೊಲಿಯುವುದು. ಇಪ್ಪತ್ತು ವರ್ಷ ಕೈ ಮಾಡಿದ ಕೆಲಸ. ಹೇಳಿದರೆ ಸುಳ್ಳಾಗಿಬಿಡಬಹುದು ಅನ್ನಿಸಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಅವರು ಒಳ್ಳೆಯವರು, ಪೆನ್ನು ಕೆಳಗಿಟ್ಟು ಕಾದರು. ಮತ್ತೊಮ್ಮೆ ಕೇಳಿದರು. ಆಮೇಲೆ ಅಂಟಕ್ಕನ ಕಡೆ ತಿರುಗಿ, "ನಿಮಗೇನು ಬರುತ್ತಮ್ಮ?" ಎಂದರು.

ಕೆಲಸ ಅಂಟಕ್ಕನಿಗಾಯಿತು. ಮೆಟ್ಟಿಲಿಳಿಯುವಾಗ ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗುಬ್ಬಕ್ಕ ಅವಳ ಕೈಚೀಲ ತಾನು ತೆಗೆದುಕೊಂಡಳು.

"ಅಳಬೇಡ. ನಾಳೆ ಬೇಗ ಹೊರಡು, ಮೊದಲ ದಿನ."

ಅಷ್ಟು ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಬೀದಿಯಲ್ಲಿ ಅಂಟಕ್ಕನ ಬಸ್ಸು ಬಂತು, ಕೈಚೀಲ ಕೊಟ್ಟು ಹತ್ತಿಸಿದಳು. ಗುಬ್ಬಕ್ಕ ಮನೆಗೆ ಹೋಗುವುದು ಎಡಕ್ಕೋ ಬಲಕ್ಕೋ ಎಂಬುದೂ ತಿಳಿಯದೆ ಅಲ್ಲೇ ನಿಂತಳು.