ಕೌದಿಯ ಈಚೆಗೆ

ಮತ್ತೆ ಮುಳ್ಳು ಎದ್ದಿತು, ಹಾಡು ಮುಗಿದಿದೆ, ತಂಬೂರಿಯೂ ನಿಂತಿದೆ, ಆದರೂ ಟೇಪ್ ಮಷೀನಿನ ಗಾಜಿನೊಳಗೆ ಸದ್ದು ಅಳೆಯುವ ಆ ಸಣ್ಣ ಮುಳ್ಳು ಎದ್ದು ಬಿದ್ದಿತು — ಮಗ್ಗದ ಸದ್ದಿರಬೇಕು, ಇಚಲಕರಂಜಿಯಲ್ಲಿ ಮಗ್ಗ ಬಿಟ್ಟರೆ ಇನ್ನೇನು ಕೇಳುತ್ತದೆ, ಆವತ್ತು ಹಾಡು ಹಿಡಿಯುವಾಗ ಪಕ್ಕದ ರಾವಸಾಹೇಬ ಕಾಕಾನ ಕೈಕಾಲು ಹಿಡಿದು ಒಂದು ಹಾಡಿನ ಹೊತ್ತು ಮಗ್ಗ ನಿಲ್ಲಿಸಿದ್ದೆ, ತಂಗಿ ಹಾಡ್ತಾಳಂದ್ರ ನಿಲ್ಲಸ್ತೀನಿ, ಆದ್ರ ಲಗೂ ಮುಗಿಸಪಾ ಧನಪಾಲಾ, ಅಂದಿದ್ದ ಕಾಕಾ. ಇರುವುದೊಂದೇ ಖೋಲಿ, ಹಾಡು ಹಿಡಿಯುವುದೂ ಇಲ್ಲೇ, ಹಿಡಿದದ್ದಕ್ಕೆ ಹಾರ್ಮೋನಿಯಂ ಪೇಟಿ ಕೂಡಿಸುವುದೂ ಇಲ್ಲೇ, ನಡುವೆ ಹಗ್ಗ ಕಟ್ಟಿ ಅವ್ವನ ದಪ್ಪ ಕೌದಿ ಇಳಿಬಿಟ್ಟರೆ ಆಚೆ ತಂಗಿ ಕಾಂಚನ ಮತ್ತು ಮೈಕು, ಈಚೆ ನಾನು ಮತ್ತು ಮಷೀನು. ಕೌದಿಯ ತುಂಬ ಕಾಂಚನಳ ಹಳೆಯ ಲಂಗ, ಪರಕರದ ತುಂಡುಗಳು. ಇವತ್ತು ಆಚೆ ಯಾರೂ ಇಲ್ಲ, ನಿನ್ನೆಯೇ ಜೈನ ಮಾತಾಜಿಯರ ಜೊತೆ ನಾಂದಣಿಗೆ ಹೋದಳು, ನಾಳೆ ಅವಳ ಸನ್ಯಾಸ ದೀಕ್ಷೆ, ಮೆರವಣಿಗೆಗೆ ಅವಳ ಹಾಡು ಬೇಕು, ಅದಕ್ಕೇ ಕೊಲ್ಹಾಪುರದಿಂದ ಇನ್ನೊಂದು ಮಷೀನು ಕೇಳಿ ತಂದು, ಸ್ಪೀಕರಿನಲ್ಲಿ ಅವಳನ್ನು ಹಾಡಿಸಿ ನಾನು ಪೇಟಿ ನುಡಿಸುತ್ತಿದ್ದೇನೆ, ಎರಡೂ ಸೇರಿ ಹೊಸ ಟೇಪಿಗೆ ಇಳಿಯುತ್ತಿವೆ — ಇಳಿಯಲಿ, ಆದರೆ ಆ ಮುಳ್ಳು ಯಾಕೆ ಎದ್ದಿತು?

ಅವಳ ಟೇಪು ಹಿಂದೆ ಸುತ್ತಿದೆ, ಸ್ಪೀಕರು ಜೋರು ಮಾಡಿದೆ, ತಂಬೂರಿ ಅಡಗಿತು, ಆಮೇಲೆ ಮೈಕಿಗೆ ತುಟಿ ಹಚ್ಚಿದಷ್ಟು ಹತ್ತಿರ ಕಾಂಚನಳ ಪಿಸುದನಿ, ಅಣ್ಣಾ, ನನ್ನ ಮನಸ್ಸು ಇನ್ನೂ ಗಟ್ಟಿ ಆಗಿಲ್ಲೋ, ಅಷ್ಟೇ, ಅಷ್ಟರಲ್ಲಿ ಕಾಕಾನ ಮಗ್ಗಗಳು ಮತ್ತೆ ಹೊಡೆದುಕೊಂಡು ಎಲ್ಲ ಮುಚ್ಚಿಹೋಯಿತು. ಹಾಡಿನ ಬಗ್ಗೆ ಅಂದಿರಬಹುದು, ಹೌದು, ಇನ್ನೊಂದು ಸಲ ಹಾಡಬೇಕೆಂದಿರಬಹುದು — ಯಾರಿಗೆ ಹೇಳುತ್ತಿದ್ದೀಯ ಈ ಸುಳ್ಳು? ಆವತ್ತು ಮಾತು ನನಗೆ ಕೇಳಿಸಿರಲಿಲ್ಲ, ಮುಳ್ಳು ಎದ್ದದ್ದಷ್ಟೇ ನೋಡಿ ಅವಳು ಉಸಿರೆತ್ತಿ ಕೊನೆಯ ನಾದ ಕೆಡಿಸುತ್ತಾಳೆಂದು ಸಿಟ್ಟು ಬಂದು, ಕೌದಿಯ ಸಂದಿಯಲ್ಲಿ ಕೈ ತೂರಿಸಿ ಬೆರಳೆತ್ತಿದ್ದೆ, ಸುಮ್ಮನಿರು, ಟೇಪು ಓಡುತ್ತಿದೆ. ಅವಳು ಸುಮ್ಮನಾದಳು. ಹೊರಗೆ ಬಂದು ನಕ್ಕಳು, ಚಲೋ ಬಂತೇನಣ್ಣಾ? ಬೆಣ್ಣಿಯಂಗ ಬಂತು ಅಂದೆ. ಅಣ್ಣ ಕೇಳಿಸಿಕೊಂಡೇ ಬಾಯಿ ಮುಚ್ಚಿಸಿದ ಅಂತ ತಿಳಿದುಕೊಂಡು ಹೋದಳಲ್ಲ. ನಾಳೆ ದೀಕ್ಷೆ ಕೊಡುವ ಮಹಾರಾಜರು ಸಭೆಯ ಮುಂದೆ ಕೇಳುತ್ತಾರೆ, ಮನೆಯವರ ಒಪ್ಪಿಗೆ ಇದೆಯೇ, ಅಪ್ಪ ಇಲ್ಲ, ಹೇಳಬೇಕಾದವನು ನಾನು, ನಾನು ಹೂಂ ಅಂದರೆ ಆ ಜಡೆಯ ಕೂದಲನ್ನು ಕೈಯಿಂದಲೇ ಕೀಳುತ್ತಾರೆ — ಅವ್ವ ತಲೆ ಹಿಕ್ಕುವಾಗ ಕೂದಲು ಹಣಿಗೆಯಲ್ಲಿ ಸಿಕ್ಕಿಕೊಂಡರೂ ಅಣ್ಣಾ ಎಂದು ಚೀರುತ್ತಿದ್ದವಳು — ಊಹೂಂ ಅಂದರೆ ಮಂಟಪ ಎದ್ದಿದೆ, ಊರೆಲ್ಲ ಸೇರಿದೆ, ಅವ್ವ ಏನಾಗುತ್ತಾಳೋ. ಸಂಜೆಯ ಬಸ್ಸು ಹಿಡಿದರೆ ಅವಳನ್ನೇ ಕೇಳಬಹುದು, ಮಾತಾಡಲು ಬಿಡುತ್ತಾರೆ, ಯಾಕೆ ಬಿಡುವುದಿಲ್ಲ, ಆದರೆ ಮೊದಲು ಬೆರಳೆತ್ತಿದವನ ಮುಂದೆ ಮತ್ತೆ ಬಾಯಿ ತೆಗೆದಾಳೇ? ಇನ್ನೊಂದು ಸಲ ಕೇಳುತ್ತೇನೆ, ಹಿಂದೆ ಸುತ್ತು, ಹಾಡು, ತಂಬೂರಿ, ಅಣ್ಣಾ, ನನ್ನ ಮನಸ್ಸು — ಬಾಗಿಲಲ್ಲಿ ಅವ್ವ, ನಾಳೆ ಉಡುವ ಸೀರೆಯ ಮಡಿಕೆ ಕೈಯಲ್ಲೇ ಇದೆ, ಕಾಂಚನ ಏನೋ ಅಂದ್ಲಲ್ಲೋ ಧನಪಾಲಾ, ಏನಂದ್ಲು? ಹೊಸ ಟೇಪು ಇನ್ನೂ ಓಡುತ್ತಿದೆ, ನನ್ನ ಬೆರಳು ತಾನಾಗಿಯೇ ಎದ್ದು ತುಟಿಗೆ ಬಂತು, ಅವ್ವ ಬಾಯಿ ಮುಚ್ಚಿದಳು, ಗಾಜಿನೊಳಗೆ ಅವಳ ಮಾತಿಗೆ ಎದ್ದಿದ್ದ ಮುಳ್ಳು, ಆ ಮುಳ್ಳು, ಬಿದ್ದಿತು.